ಈಜುಕೊಳ ಇರುವ ಅಪಾರ್ಟ್‌ಮೆಂಟ್ ಬೇಕಾ? ಹೊಸಬರು ಮೊದಲು ಇದನ್ನು ಓದಿ

ಹೊರದೇಶಕ್ಕೆ ಹೊಸದಾಗಿ ಬಂದ ನಮ್ಮವರು, ಅದರಲ್ಲೂ ಮಕ್ಕಳಿರುವವರು, ತುಂಬಾ ಕೇಳುವ ಪ್ರಶ್ನೆ: ಕಡಿಮೆ ಬಾಡಿಗೆಗೆ ಈಜುಕೊಳ ಇರುವ ಮನೆ ಸಿಗುತ್ತಾ? ಸಿಗುತ್ತದೆ. ಆದರೆ ನೀಲಿ ನೀರಿನ ಫೋಟೋ ನೋಡಿ ದುಡ್ಡು ಕಳಿಸಬೇಡಿ. ನೀವು ಕೊಳಕ್ಕೆ ಇಳಿದರೂ ಇಳಿಯದಿದ್ದರೂ ಅದರ ಪಂಪು, ಕ್ಲೋರಿನ್, ಶುಚಿ ಮಾಡುವವರ ಸಂಬಳ ಎಲ್ಲವೂ ಯಾವುದೋ ಒಂದು ರೂಪದಲ್ಲಿ ನಿಮ್ಮ ಬಾಡಿಗೆಯಿಂದಲೇ ಹೋಗುತ್ತದೆ. ಹಾಗಾಗಿ ಕೊಳ ಇದೆಯಾ ಅಂತ ಕೇಳಿದರೆ ಸಾಲದು, ವರ್ಷದಲ್ಲಿ ಎಷ್ಟು ತಿಂಗಳು ತೆರೆದಿರುತ್ತದೆ ಅಂತ ಕೇಳಿ. ಚಳಿ ಜಾಸ್ತಿ ಇರುವ ಊರುಗಳಲ್ಲಿ ಬಯಲಿನ ಕೊಳಕ್ಕೆ ಬೇಸಿಗೆ ಮುಗಿದ ಮೇಲೆ ಹೊದಿಕೆ ಹಾಕಿ ಮುಚ್ಚಿಬಿಡುತ್ತಾರೆ, ಬಾಡಿಗೆ ಮಾತ್ರ ಹನ್ನೆರಡು ತಿಂಗಳೂ ಅಷ್ಟೇ ಇರುತ್ತದೆ.

ದುಡ್ಡು ಉಳಿಸಬೇಕು ಅಂದರೆ ನನ್ನ ಸಲಹೆ ಇಷ್ಟೇ. ಹೊಸ ಕಟ್ಟಡ ಬಿಡಿ. ತುಂಬಾ ಮನೆಗಳಿರುವ, ಸ್ವಲ್ಪ ಹಳೆಯದಾದರೂ ಚೆನ್ನಾಗಿ ನೋಡಿಕೊಂಡಿರುವ ಕಟ್ಟಡದಲ್ಲಿ ಚಿಕ್ಕ ಮನೆ ಹುಡುಕಿ. ಮನೆಗಳು ಹೆಚ್ಚಿದ್ದಷ್ಟೂ ಕೊಳದ ಖರ್ಚು ಹಂಚಿಹೋಗುತ್ತದೆ. ಕೊಳದ ಕಡೆ ಬಾಲ್ಕನಿ ಇರುವ ಮನೆಗೆ ಸಾಮಾನ್ಯವಾಗಿ ಬಾಡಿಗೆ ಜಾಸ್ತಿ, ಅದರ ಜೊತೆಗೆ ಬೇಸಿಗೆಯ ಸಂಜೆಯೆಲ್ಲಾ ಗದ್ದಲ, ಕೆಳಗಿನ ಮಹಡಿಯಾದರೆ ಪಂಪಿನ ಸದ್ದೂ ಕೇಳಿಸಬಹುದು; ಅದೇ ಕಟ್ಟಡದ ಹಿಂಬದಿಯ ಮನೆಯಲ್ಲಿದ್ದರೂ ಈಜುವುದು ಅದೇ ನೀರಿನಲ್ಲಿ ಅಲ್ವಾ? ಊರಿನ ನಡುಭಾಗದಿಂದ ಕೆಲವು ಸ್ಟಾಪ್ ದೂರ ಹೋದರೂ ಬಾಡಿಗೆ ಇಳಿಯುತ್ತದೆ, ಆದರೆ ಪ್ರಯಾಣದ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಹಾಗೆಯೇ ಹತ್ತಿರದಲ್ಲಿ ನಗರಸಭೆಯ ಈಜುಕೊಳ ಇದೆಯಾ ನೋಡಿ. ವಾರಕ್ಕೊಮ್ಮೆ ಈಜುವವರಿಗೆ ಕೊಳ ಇಲ್ಲದ ಮನೆ ಹಿಡಿದು ಅಲ್ಲಿ ಟಿಕೆಟ್ ತೆಗೆದುಕೊಳ್ಳುವುದೇ ಎಷ್ಟೋ ಸಲ ಅಗ್ಗ.

ಮನೆ ನೋಡಲು ಹೋದಾಗ ಕೊಳದ ಹತ್ತಿರ ಖಂಡಿತ ನಿಲ್ಲಿ. ನೀರಿನ ತಳದಲ್ಲಿರುವ ಡ್ರೈನ್ ಮುಚ್ಚಳ ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ಆ ನೀರಿಗೆ ಯಾರೂ ಇಳಿಯಬಾರದು. ಮೂಗಿಗೆ ಹೊಡೆಯುವ ವಾಸನೆ ಬಂದರೆ ಕ್ಲೋರಿನ್ ಚೆನ್ನಾಗಿ ಹಾಕಿದ್ದಾರೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅದು ತಪ್ಪು. ಕ್ಲೋರಿನ್ ಬೆವರು, ಮೂತ್ರಗಳ ಜೊತೆ ಬೆರೆತಾಗ ಹುಟ್ಟುವ ಕ್ಲೋರಮೈನ್‌ನ ವಾಸನೆ ಅದು. ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 7.2ರಿಂದ 7.8ರ ಒಳಗಿರಬೇಕು. ಪರೀಕ್ಷೆ ಮಾಡಿ ಬರೆದಿಡುವ ದಾಖಲೆ ಇದ್ದರೆ ತೋರಿಸಿ ಅಂತ ಕೇಳಲು ಸಂಕೋಚ ಬೇಡ. ಅಲ್ಲೇ ಓಡಾಡುವ ಬಾಡಿಗೆದಾರರನ್ನೂ ಮಾತಾಡಿಸಿ, ಹೋದ ಬೇಸಿಗೆಯಲ್ಲಿ ಕೊಳ ಎಷ್ಟು ದಿನ ರಿಪೇರಿಗೆ ಅಂತ ಮುಚ್ಚಿತ್ತು ಅನ್ನುವುದು ಏಜೆಂಟರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಅಗ್ರಿಮೆಂಟ್ ಪೂರ್ತಿ ಓದಿ. ಕೊಳದ ಬಳಕೆ ಬಾಡಿಗೆಯಲ್ಲಿ ಸೇರಿದೆಯಾ ಅಥವಾ ತಿಂಗಳಿಗೆ ಬೇರೆ ಶುಲ್ಕವಾ, ಗೇಟಿನ ಕೀ ಕಾರ್ಡಿಗೆ ಡೆಪಾಸಿಟ್ ಎಷ್ಟು, ಅತಿಥಿಗಳನ್ನು ಕರೆತರಬಹುದಾ, ಇದೆಲ್ಲಾ ಬರಹದಲ್ಲಿರಲಿ. ರಿಪೇರಿ ಎಂದು ತಿಂಗಳುಗಟ್ಟಲೆ ಮುಚ್ಚಿದರೆ ಬಾಡಿಗೆ ಕಡಿಮೆ ಮಾಡುತ್ತಾರಾ ಅಂತ ಸಹಿ ಹಾಕುವ ಮೊದಲೇ ಕೇಳಿ. ಹೊಸಬರಿಗೆ ಇಲ್ಲಿ ಮಾಲೀಕರು ನೋಡುವ ಸಾಲದ ಇತಿಹಾಸ (ಸಾಲ, ಬಿಲ್ಲುಗಳನ್ನು ಸರಿಯಾಗಿ ಕಟ್ಟಿದ ದಾಖಲೆ) ಇರುವುದಿಲ್ಲವಾದ್ದರಿಂದ ಕೆಲಸದ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಹಳೆಯ ಮನೆ ಮಾಲೀಕರ ಪತ್ರ ಇವನ್ನೆಲ್ಲಾ ಮೊದಲೇ ಜೋಡಿಸಿಟ್ಟುಕೊಳ್ಳಿ. ಮನೆಯನ್ನು ನೀವಾಗಲಿ ನಿಮ್ಮ ಪರಿಚಯದವರಾಗಲಿ ಕಣ್ಣಾರೆ ನೋಡುವ ತನಕ ಒಂದು ಪೈಸೆಯನ್ನೂ ಕಳಿಸಬೇಡಿ. ಬಾಡಿಗೆ ಅಕ್ಕಪಕ್ಕದ ಮನೆಗಳಿಗಿಂತ ತೀರಾ ಕಡಿಮೆ, ಮಾಲೀಕರು ಬೇರೆ ದೇಶದಲ್ಲಿದ್ದಾರೆ, ಕೀಲಿ ಕೊರಿಯರ್‌ನಲ್ಲಿ ಬರುತ್ತದೆ ಅಂದರೆ ಅದು ಮೋಸವೇ.

ಮಕ್ಕಳಿದ್ದರೆ ಇನ್ನೊಂದು ವಿಷಯ. ಅಪಾರ್ಟ್‌ಮೆಂಟ್ ಕೊಳಗಳಲ್ಲಿ ಹೆಚ್ಚಿನ ಕಡೆ ಲೈಫ್‌ಗಾರ್ಡ್ ಇರುವುದಿಲ್ಲ. ಸುತ್ತ ಬೇಲಿ ಇದೆಯಾ, ಅದರ ಗೇಟು ತಾನಾಗಿ ಮುಚ್ಚಿ ಚಿಲಕ ಬೀಳುತ್ತದೆಯಾ ಅಂತ ನೀವೇ ತೆಗೆದು ಬಿಟ್ಟು ನೋಡಿ. ಮುಳುಗುವ ಮಗು ಕೂಗುವುದೇ ಇಲ್ಲ ಅನ್ನಬಹುದು, ಅಷ್ಟು ಸದ್ದಿಲ್ಲದೆ ಆಗಿಹೋಗುತ್ತದೆ. ಆದ್ದರಿಂದ ಮಕ್ಕಳು ನೀರಿನಲ್ಲಿರುವಷ್ಟು ಹೊತ್ತು ದೊಡ್ಡವರೊಬ್ಬರು ಫೋನ್ ಪಕ್ಕಕ್ಕಿಟ್ಟು ಕೈಗೆಟುಕುವ ದೂರದಲ್ಲಿರಬೇಕು. ಈಜು ಬರದಿದ್ದರೆ ಮನೆ ಸಿಕ್ಕ ಮೊದಲ ಬೇಸಿಗೆಯಲ್ಲೇ ನೀವೂ ಮಕ್ಕಳೂ ಸೇರಿ ತರಗತಿಗೆ ಹೆಸರು ಕೊಡಿ.