ಮಳೆಗಾಲದ ತುರಿಕೆ: ಹುಳುಕಡ್ಡಿಯೋ, ಇಸುಬೋ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದೇ ಕಷ್ಟವಾಗುವ ಕೊಡಗಿನಲ್ಲಿ, ಒದ್ದೆ ಗಂಬೂಟು ತೊಟ್ಟು ದಿನವಿಡೀ ಕಾಫಿ ತೋಟದಲ್ಲಿ ದುಡಿಯುವವರ ತೊಡೆಸಂದಿಗೂ ಕಾಲ್ಬೆರಳ ಸಂದಿಗೂ ಹುಳುಕಡ್ಡಿ ಸುಲಭವಾಗಿ ಹತ್ತಿಕೊಳ್ಳುತ್ತದೆ. ಹೆಸರಿನಲ್ಲಿ ಹುಳುವಿದ್ದರೂ ಇದಕ್ಕೆ ಕಾರಣ ಶಿಲೀಂಧ್ರ.

ಹಗಲು ಬೆಳಕಿನಲ್ಲಿ ಮಚ್ಚೆಯ ಅಂಚನ್ನು ಗಮನಿಸಿ. ಅಂಚು ಕೆಂಪಾಗಿ ಉಬ್ಬಿ, ಸಣ್ಣ ಹೊಟ್ಟೆದ್ದು, ನಡುಭಾಗ ತಿಳಿಯಾಗಿದ್ದರೆ ಅದು ಹೆಚ್ಚಾಗಿ ಹುಳುಕಡ್ಡಿ. ನಾಣ್ಯದಾಕಾರದ ಇಸುಬಿನಲ್ಲಿ (ಎಕ್ಸಿಮಾ) ಮಚ್ಚೆಯಿಡೀ ಒಂದೇ ಬಗೆಯಲ್ಲಿ ದಪ್ಪಗಾಗಿ, ಕೆಲವೊಮ್ಮೆ ನೀರು ಒಸರುತ್ತದೆ. ಆದರೆ ಕ್ಲೊಬೆಟಸಾಲ್, ಬೀಟಾಮೆಥಸೋನ್‌ನಂಥ ಸ್ಟೀರಾಯ್ಡ್ ಬೆರೆತ ಮುಲಾಮನ್ನು ಈಗಾಗಲೇ ಹಚ್ಚಿದ್ದರೆ ಈ ಗುರುತೇ ಅಳಿಸಿಹೋಗುತ್ತದೆ. ಎರಡು ದಿನದಲ್ಲಿ ತುರಿಕೆ ತಗ್ಗಿತೆಂದು ಜನ ನೆಮ್ಮದಿಪಡುವಾಗ, ಶಿಲೀಂಧ್ರ ಒಳಗೊಳಗೇ ಹರಡುತ್ತಿರುತ್ತದೆ. ಇದು ನನಗೆ ನಿಜವಾಗಿಯೂ ಆತಂಕ ತರುವ ಸಂಗತಿ. ಅಂಥವರು ಚರ್ಮವೈದ್ಯರಲ್ಲಿಗೆ ಹೋಗಿ, ಹೊಟ್ಟನ್ನು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನೊಂದಿಗೆ ಸೂಕ್ಷ್ಮದರ್ಶಕದಲ್ಲಿ ನೋಡುವ ಸರಳ ಪರೀಕ್ಷೆಯನ್ನು ಕೇಳಬೇಕು.

ಸಣ್ಣ ಹುಳುಕಡ್ಡಿಗೆ ಕ್ಲೋಟ್ರಿಮಜೋಲ್ ಮುಲಾಮನ್ನು ಮಚ್ಚೆಯ ಅಂಚಿನಿಂದ 2 ಸೆಂಟಿಮೀಟರ್ ಆಚೆಯವರೆಗೂ ದಿನಕ್ಕೆರಡು ಬಾರಿ ಹಚ್ಚಿ, ಮಾಸಿದ ಮೇಲೂ ಸುಮಾರು 2 ವಾರ ಮುಂದುವರಿಸಿ. ವ್ಯಾಪಕವಾಗಿದ್ದರೆ ಮಾತ್ರೆ ಬೇಕಾಗುತ್ತದೆ, ಅದನ್ನು ವೈದ್ಯರೇ ಬರೆಯಲಿ. ಮನೆಯಲ್ಲಿ ಬೇರೆಯವರಿಗೂ ತುರಿಕೆಯಿದ್ದರೆ ಎಲ್ಲರಿಗೂ ಒಟ್ಟಿಗೇ ಚಿಕಿತ್ಸೆಯಾಗಬೇಕು. ಟವೆಲ್ ಹಂಚಿಕೊಳ್ಳದೆ, ಒಳಉಡುಪನ್ನು ಒಲೆಯ ಬಿಸಿಯಲ್ಲಾದರೂ ಪೂರ್ತಿ ಒಣಗಿಸಿಯೇ ತೊಡಬೇಕು.

ತುರಿಕೆಯಿಲ್ಲದ ಬಿಳಿಚಿದ ಮಚ್ಚೆಯ ಮೇಲೆ ಹತ್ತಿಯೆಳೆ ಸವರಿದಾಗ ಸ್ಪರ್ಶವೇ ತಿಳಿಯದಿದ್ದರೆ ಅದು ಕುಷ್ಠರೋಗವಿರಬಹುದು; ಸರ್ಕಾರಿ ಆಸ್ಪತ್ರೆಯಲ್ಲಿ ಇದರ ಔಷಧ ಉಚಿತವಾಗಿ ಸಿಗುತ್ತದೆ.