ಚಿನ್ನದ ಪದಕದ ಬದಲು ಸ್ಕ್ಯಾನರ್ ಸಮಯ: ವೈದ್ಯಕೀಯ ಚಿತ್ರಣದ ಯುವ ಸಂಶೋಧಕರಿಗಾಗಿ ದತ್ತಿ ಇಡುವ ಕ್ರಮ

ತಂದೆ ತಾಯಿಯ ಹೆಸರಿನಲ್ಲಿ ವಿಶ್ವವಿದ್ಯಾಲಯಕ್ಕೆ ಒಂದಿಷ್ಟು ಮೂಲಧನ ಕೊಟ್ಟು, ಅದರ ಬಡ್ಡಿಯಲ್ಲಿ ಪ್ರತಿ ಘಟಿಕೋತ್ಸವಕ್ಕೂ ಒಂದು ಚಿನ್ನದ ಪದಕ ಕೊಡಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಎಂಆರ್‌ಐ, ಸಿಟಿ, ಅಲ್ಟ್ರಾಸೌಂಡ್ ಚಿತ್ರಗಳ ಮೇಲೆ ಕೆಲಸ ಮಾಡುವ ಯುವ ಸಂಶೋಧಕರಿಗೆ ನೆರವಾಗಬೇಕೆಂದಿರುವವರು ಈ ಪದ್ಧತಿಯನ್ನು ಹಾಗೆಯೇ ಅನುಸರಿಸಬಾರದು ಎಂಬುದು ನನ್ನ ಅಭಿಪ್ರಾಯ. ಪದಕ ಕೆಲಸ ಮುಗಿದ ಮೇಲೆ ಬರುತ್ತದೆ. ಇವರಿಗೆ ಹಣ ಬೇಕಾಗುವುದು ಕೆಲಸ ಶುರುವಾಗುವ ಮೊದಲ ಎರಡು ಮೂರು ವರ್ಷಗಳಲ್ಲಿ.

ಮೊದಲು ಲೆಕ್ಕ ಹಾಕಿ ನೋಡಿ. 25 ಲಕ್ಷ ರೂಪಾಯಿ ಠೇವಣಿಗೆ ಶೇ 7ರ ಬಡ್ಡಿ ಬರುತ್ತದೆ ಎಂದುಕೊಂಡರೂ ವರ್ಷಕ್ಕೆ ಸಿಗುವುದು 1.75 ಲಕ್ಷ. ಕೇಂದ್ರ ಸರ್ಕಾರವು 2023ರ ಜನವರಿಯಿಂದ ಕಿರಿಯ ಸಂಶೋಧಕರಿಗೆ ನಿಗದಿ ಮಾಡಿದ ಫೆಲೋಶಿಪ್, ಮನೆ ಬಾಡಿಗೆ ಭತ್ಯೆ ಬಿಟ್ಟು, ತಿಂಗಳಿಗೆ 37,000 ರೂಪಾಯಿ. ಅಂದರೆ ಆ ಬಡ್ಡಿ ಒಬ್ಬರ ಐದು ತಿಂಗಳ ವೇತನಕ್ಕೂ ಸಾಲದು. ಅದೇ 25 ಲಕ್ಷವನ್ನು ಮೂರು ವರ್ಷಗಳಲ್ಲಿ ಪೂರ್ತಿ ಖರ್ಚು ಮಾಡುವುದೆಂದು ನಿರ್ಧರಿಸಿದರೆ ವೇತನಕ್ಕೆ 13.32 ಲಕ್ಷ ಹೋಗಿ, 11 ಲಕ್ಷಕ್ಕೂ ಹೆಚ್ಚು ಹಣ ಬೇರೆ ವೆಚ್ಚಗಳಿಗೆ ಉಳಿಯುತ್ತದೆ. ಹೆಸರು ಶಾಶ್ವತವಾಗಿ ಉಳಿಯದಲ್ಲ ಎಂಬ ಅಳುಕು ಸಹಜ. ಆದರೆ ಅಮೆರಿಕದಲ್ಲಿ ಜೈವಿಕ ವೈದ್ಯಕೀಯ ಎಂಜಿನಿಯರಿಂಗ್ ಎಂಬ ಶಿಸ್ತನ್ನೇ ಬೆಳೆಸಿದ ವಿಟಕರ್ ಪ್ರತಿಷ್ಠಾನವು ತನ್ನ ನಿಧಿಯನ್ನು ಉದ್ದೇಶಪೂರ್ವಕವಾಗಿ ಖರ್ಚು ಮಾಡಿ ಮುಗಿಸಿ 2006ರಲ್ಲಿ ಬಾಗಿಲು ಮುಚ್ಚಿತು. ಅದರ ಹೆಸರನ್ನು ಆ ಕ್ಷೇತ್ರದವರು ಇಂದಿಗೂ ಮರೆತಿಲ್ಲ.

ಉಳಿದ ಹಣ ಯಾವುದಕ್ಕೆ ಹೋಗಬೇಕು? ಮೊದಲನೆಯದು ಸ್ಕ್ಯಾನರ್ ಸಮಯ. ಆಸ್ಪತ್ರೆಯ ಎಂಆರ್‌ಐ ಯಂತ್ರ ಹಗಲೆಲ್ಲ ರೋಗಿಗಳಿಗೆ ಮೀಸಲು. ಸಂಶೋಧಕರಿಗೆ ಸಿಗುವುದು ರಾತ್ರಿ ಅಥವಾ ಭಾನುವಾರ, ಅದಕ್ಕೂ ಗಂಟೆಯ ಲೆಕ್ಕದಲ್ಲಿ ಶುಲ್ಕ ಇರಬಹುದು, ತಂತ್ರಜ್ಞರ ಹೆಚ್ಚುವರಿ ಭತ್ಯೆಯೂ ಸೇರಬಹುದು. ಇದು ಹೊಸ ಕಷ್ಟವಲ್ಲ. ಎಂಆರ್‌ಐ ಚಿತ್ರಣದ ದಾರಿ ತೋರಿಸಿ 2003ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಪಾಲ್ ಲಾಟರ್‌ಬರ್, ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದ ಯಂತ್ರವನ್ನು ರಾತ್ರಿ ಹೊತ್ತು ಬಳಸಿ, ಬೆಳಗಾಗುವುದರೊಳಗೆ ಮೊದಲಿನ ಹೊಂದಿಕೆಗೆ ತಂದಿಡುತ್ತಿದ್ದರು. ಆದ್ದರಿಂದ ಸಂಸ್ಥೆಯೊಂದಿಗಿನ ಒಡಂಬಡಿಕೆಯಲ್ಲಿ ‘ಸಂಶೋಧನಾ ವೆಚ್ಚ’ ಎಂದು ಬರೆದು ಸುಮ್ಮನಾಗದೆ, ಎಷ್ಟು ಗಂಟೆಗಳ ಸ್ಕ್ಯಾನರ್ ಸಮಯ ಎಂಬುದನ್ನು ನಮೂದಿಸಿ.

ಎರಡನೆಯದನ್ನು ದಾನಿಗಳು ಸಾಮಾನ್ಯವಾಗಿ ಊಹಿಸುವುದೇ ಇಲ್ಲ: ಸ್ಕ್ಯಾನ್ ಚಿತ್ರಗಳನ್ನು ನೋಡಿ ವರದಿ ಬರೆಯುವ ವೈದ್ಯರ, ಅಂದರೆ ರೇಡಿಯಾಲಜಿಸ್ಟರ ಸಮಯ. ಕಂಪ್ಯೂಟರಿಗೆ ಗೆಡ್ಡೆ ಗುರುತಿಸುವುದನ್ನು ಕಲಿಸಬೇಕಾದರೆ ನೂರಾರು ಚಿತ್ರಗಳಲ್ಲಿ ಗೆಡ್ಡೆಯ ಅಂಚನ್ನು ತಜ್ಞರು ಕೈಯಾರೆ ಗೆರೆ ಎಳೆದು ತೋರಿಸಬೇಕು. ಇಬ್ಬರು ಬೇರೆ ಬೇರೆಯಾಗಿ ಗುರುತಿಸಿ, ಭಿನ್ನಾಭಿಪ್ರಾಯ ಬಂದಲ್ಲಿ ಮೂರನೆಯವರು ತೀರ್ಮಾನಿಸುವುದು ಒಳ್ಳೆಯ ಕ್ರಮ. ದಿನವಿಡೀ ವರದಿ ಬರೆದು ದಣಿದ ವೈದ್ಯರು ಈ ಕೆಲಸವನ್ನು ಉಚಿತವಾಗಿ ಮಾಡಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ಆಸ್ಪತ್ರೆಯ ಸಂಪರ್ಕವಿಲ್ಲದ ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರಿಗೆ ಈ ಒಂದು ಗೌರವಧನವೇ ಎಷ್ಟೋ ಬಾಗಿಲು ತೆರೆಸುತ್ತದೆ. ಒಬ್ಬ ಎಂಜಿನಿಯರ್ ಮತ್ತು ಒಬ್ಬ ರೇಡಿಯಾಲಜಿ ಸ್ನಾತಕೋತ್ತರ ವಿದ್ಯಾರ್ಥಿ ಜೊತೆಯಾಗಿ ಅರ್ಜಿ ಹಾಕಬೇಕೆಂಬ ನಿಯಮ ಇಟ್ಟರೆ ಇನ್ನೂ ಒಳ್ಳೆಯದು.

ಯಂತ್ರವನ್ನೇ ಕೊಡುವ ಆಸೆ ಬೇಡ. ಅಲ್ಟ್ರಾಸೌಂಡ್ ಯಂತ್ರ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಕಟ್ಟುಪಾಡಿಗೆ ಒಳಪಡುತ್ತದೆ. ನೋಂದಣಿಯಿಲ್ಲದ ಕಡೆಗೆ ಅದನ್ನು ಕೊಡುವುದೇ ಅಪರಾಧ, ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದಾದರೂ ಅಷ್ಟೇ. ಎಕ್ಸ್‌ರೇ ಮತ್ತು ಸಿಟಿ ಯಂತ್ರಗಳಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ಇವೆಲ್ಲ ಮುಗಿದರೂ ವಾರ್ಷಿಕ ನಿರ್ವಹಣೆಯ ಹೊರೆ ಸಂಸ್ಥೆಯ ತಲೆಗೆ ಬೀಳುತ್ತದೆ.

ಸಂಸ್ಥೆಯನ್ನು ಆರಿಸುವಾಗ ಮೂರು ಪ್ರಶ್ನೆ ಕೇಳಿ: ಅಲ್ಲಿ ನೈತಿಕತಾ ಸಮಿತಿ ನಿಯಮಿತವಾಗಿ ಸೇರುತ್ತದೆಯೇ, ಆಡಳಿತ ವೆಚ್ಚವೆಂದು ಎಷ್ಟು ಪಾಲು ಕಡಿತವಾಗುತ್ತದೆ, ಮಾರ್ಗದರ್ಶಕರು ಸಂಸ್ಥೆ ಬಿಟ್ಟರೆ ಸಂಶೋಧಕರ ಗತಿಯೇನು. ರೋಗಿಗಳ ಚಿತ್ರ ಬಳಸಲು ನೈತಿಕತಾ ಸಮಿತಿಯ ಒಪ್ಪಿಗೆ ಬೇಕಾಗುವುದರಿಂದ, ಮತ್ತು ಅದಕ್ಕೆ ತಿಂಗಳುಗಳೇ ಹಿಡಿಯಬಹುದಾದ್ದರಿಂದ, ಯೋಜನೆಯ ಅವಧಿ ಹಣ ಬಿಡುಗಡೆಯಾದ ದಿನದಿಂದಲ್ಲ, ಒಪ್ಪಿಗೆ ಸಿಕ್ಕ ದಿನದಿಂದ ಎಣಿಕೆಯಾಗಲಿ. ಕಾಯುವ ತಿಂಗಳುಗಳ ವೇತನ ಮಾತ್ರ ನಿಲ್ಲದಿರಲಿ. ಆಯ್ಕೆ ಸಮಿತಿಯಲ್ಲಿ ಒಬ್ಬ ರೇಡಿಯಾಲಜಿಸ್ಟ್, ಒಬ್ಬ ಭೌತವಿಜ್ಞಾನಿ ಅಥವಾ ಎಂಜಿನಿಯರ್, ಹೊರಗಿನವರೊಬ್ಬರು ಇರಲಿ. ದಾನಿಯೂ ದಾನಿಯ ಬಂಧುಗಳೂ ಅದರಲ್ಲಿ ಇರಬಾರದು.

ವಿದೇಶದಲ್ಲಿರುವ ಕನ್ನಡಿಗರಿಗೆ ಒಂದು ಎಚ್ಚರಿಕೆ. ಭಾರತದ ಪೌರತ್ವ ಉಳಿಸಿಕೊಂಡ ಅನಿವಾಸಿಗಳು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟ ಹಣ ವಿದೇಶಿ ದೇಣಿಗೆಯಾಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಅವರ ಬಳಿ ಸಾಗರೋತ್ತರ ಪೌರರ (ಒಸಿಐ) ಕಾರ್ಡ್ ಇದ್ದರೂ, ಕೊಟ್ಟದ್ದು ವಿದೇಶಿ ದೇಣಿಗೆಯೇ. ಅದನ್ನು ಪಡೆಯುವ ಟ್ರಸ್ಟ್ 2010ರ ವಿದೇಶಿ ವಂತಿಗೆ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು ಅಥವಾ ಪೂರ್ವಾನುಮತಿ ಪಡೆದಿರಬೇಕು, ಮತ್ತು ಹಣವನ್ನು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯಲ್ಲೇ ಸ್ವೀಕರಿಸಬೇಕು. 2020ರ ತಿದ್ದುಪಡಿಯ ನಂತರ ಹಾಗೆ ಪಡೆದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲವಾದ್ದರಿಂದ, ಊರಿನ ಟ್ರಸ್ಟಿಗೆ ಕಳುಹಿಸಿ ಅಲ್ಲಿಂದ ಆಸ್ಪತ್ರೆಗೆ ಎಂಬ ಯೋಜನೆ ನಡೆಯುವುದಿಲ್ಲ. ಸಂಶೋಧನೆ ನಡೆಯುವ ಸಂಸ್ಥೆಗೇ ನೇರವಾಗಿ ಕೊಡಬೇಕು.

ವರದಿಯನ್ನು ವರ್ಷಕ್ಕೊಮ್ಮೆ ಕೇಳಿದರೆ ಸಾಕು, ಎರಡು ಪುಟ ಮೀರದಿರಲಿ. ಬಳಸಿದ ಸ್ಕ್ಯಾನರ್ ಗಂಟೆಗಳು, ಗುರುತು ಹಾಕಿ ಮುಗಿಸಿದ ಚಿತ್ರಗಳ ಸಂಖ್ಯೆ, ಕೈಗೂಡದೆ ಕೈಬಿಟ್ಟ ಪ್ರಯೋಗಗಳು ಅದರಲ್ಲಿರಲಿ. ಪ್ರಬಂಧಗಳ ಪಟ್ಟಿಯನ್ನು ಮೊದಲ ವರ್ಷದಲ್ಲಿ ಕೇಳಬೇಡಿ.