ಮೈಲುತುತ್ತದ ಕೈ ಟ್ಯಾಂಕಿಗೆ ಬೇಡ
ಉಪ್ಪುನೀರಿನ ರೀಫ್ ಅಕ್ವೇರಿಯಂನ ಸಿಗಡಿ, ಬಸವನಹುಳು, ಏಡಿ, ಹುಳುಗಳನ್ನು ಗುರುತಿಸಿ ಸಾಕುವ ಬಗೆ

ಮುಂಗಾರು ಹತ್ತಿರವಾಗುತ್ತಿದ್ದಂತೆ ಕೊಡಗಿನ ತೋಟಗಳಲ್ಲಿ ಬೋರ್ಡೋ ಸಿಂಪಡಣೆ ಶುರುವಾಗುತ್ತದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಶೇ 1ರ ದ್ರಾವಣದ ಈ ಲೆಕ್ಕ ಮೆಣಸು, ಅಡಿಕೆ ಬೆಳೆದವರಿಗೆ ಬಾಯಿಪಾಠ. ಮನೆಯೊಳಗೆ ಉಪ್ಪುನೀರಿನ ಟ್ಯಾಂಕ್ ಇಟ್ಟವರು ಇನ್ನೊಂದು ಲೆಕ್ಕವನ್ನೂ ನೆನಪಿಡಬೇಕು. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರ. ಹಾಗಾಗಿ ಈ ದ್ರಾವಣದ ಒಂದು ಮಿಲಿಲೀಟರಿನಲ್ಲಿ ಎರಡೂವರೆ ಮಿಲಿಗ್ರಾಂ ತಾಮ್ರವಿದೆ. 150 ಲೀಟರ್ ಟ್ಯಾಂಕಿಗೆ ಎರಡು ಟೀ ಚಮಚ ಸೇರಿದರೆ ಲೀಟರಿಗೆ ಸುಮಾರು 0.17 ಮಿಲಿಗ್ರಾಂ ಆಯಿತು. ಮೀನಿನ ಬಿಳಿಚುಕ್ಕೆ ರೋಗಕ್ಕೆ ಬೇರೆ ಟ್ಯಾಂಕಿನಲ್ಲಿಟ್ಟು ಕೊಡುವ ತಾಮ್ರದ ಔಷಧಿಯ ಪ್ರಮಾಣವೂ ಹೆಚ್ಚುಕಡಿಮೆ ಇಷ್ಟೇ. ಮೀನು ಅದನ್ನು ತಡೆದುಕೊಳ್ಳುತ್ತದೆ. ಸಿಗಡಿ, ಬಸವನಹುಳು, ಹವಳಗಳಿಗೆ ಆ ಶಕ್ತಿ ಇಲ್ಲ.

ಸಿಗಡಿ, ಏಡಿಗಳ ರಕ್ತದಲ್ಲಿ ಆಮ್ಲಜನಕ ಹೊರುವುದೇ ತಾಮ್ರ ಎಂಬುದು ಇಲ್ಲಿನ ಸ್ವಾರಸ್ಯ. ಅವುಗಳ ರಕ್ತ ನೀಲಿ ಛಾಯೆಗೆ ತಿರುಗುವುದೂ ಅದರಿಂದಲೇ. ಆದರೆ ದೇಹಕ್ಕೆ ಬೇಕಾದದ್ದು ಲವಲೇಶ. ನೀರಿನಲ್ಲಿ ಅದು ಹೆಚ್ಚಾದರೆ ಕಿವಿರುಗಳು ಲವಣವನ್ನು ಒಳಗೆ ಹೊರಗೆ ಸಾಗಿಸುವ ಕೆಲಸವೇ ಕೆಡುತ್ತದೆ.

ಆದ್ದರಿಂದ ಮೊದಲ ಕೆಲಸ ಬಕೆಟ್ ಬೇರೆ ಮಾಡುವುದು. ಸಿಂಪಡಣೆಗೆ ಬಳಸಿದ ಬಕೆಟ್, ಮಗ್, ಪೈಪುಗಳನ್ನು ಎಷ್ಟು ತೊಳೆದರೂ ಪ್ಲಾಸ್ಟಿಕ್ಕಿನ ಗೀರುಗಳಲ್ಲಿ ನೀಲಿ ಉಳಿದಿರುತ್ತದೆ. ಟ್ಯಾಂಕಿಗೆಂದೇ ಎರಡು ಹೊಸ ಬಕೆಟ್ ಮೀಸಲಿಡಿ. ತೋಟದಿಂದ ಬಂದವರು ಮೊಣಕೈವರೆಗೆ ಸೋಪು ಹಾಕಿ, ಸೋಪಿನ ಜಿಡ್ಡು ಪೂರ್ತಿ ಹೋಗುವವರೆಗೆ ತೊಳೆದ ಮೇಲೆಯೇ ಟ್ಯಾಂಕಿಗೆ ಕೈ ಹಾಕಬೇಕು. ಬಚ್ಚಲಿನ ತಾಮ್ರದ ಹಂಡೆಯ ನೀರು ಬೇಡ. ಟ್ಯಾಂಕ್ ಇರುವ ಕೋಣೆಯಲ್ಲಿ ಸೊಳ್ಳೆ ಸ್ಪ್ರೇ ಹೊಡೆದರೆ ಏರ್ ಪಂಪ್ ಅದನ್ನು ಎಳೆದು ನೇರ ನೀರಿಗೆ ಬಿಡುತ್ತದೆ. ಸಿಗಡಿಯೂ ಸೊಳ್ಳೆಯೂ ದೂರದ ನೆಂಟರೇ. ಸೆಕೆಂಡ್ ಹ್ಯಾಂಡ್ ಟ್ಯಾಂಕ್ ಕೊಳ್ಳುವವರು ಅದರಲ್ಲಿ ಎಂದಾದರೂ ತಾಮ್ರದ ಔಷಧಿ ಹಾಕಿದ್ದರೇ ಎಂದು ಕೇಳಿ. ಹಾಕಿದ್ದರೆ ಆ ಕಲ್ಲು, ಮರಳು ಬೇಡ. ಅವು ಹೀರಿಕೊಂಡ ತಾಮ್ರವನ್ನು ತಿಂಗಳುಗಟ್ಟಲೆ ಬಿಡುತ್ತಿರುತ್ತವೆ.

ಮಳೆ ಧಾರಾಳ, ಆದರೂ ಆರ್‌ಒ ನೀರೇ ಬೇಕು

ಮಾಡಿನಿಂದ ಇಳಿಯುವ ಮಳೆನೀರನ್ನು ಹಿಡಿದು ಬಳಸುವ ಆಸೆ ಸಹಜ. ಆದರೆ ಜಿಂಕ್ ಶೀಟಿನ ಮೇಲೆ ಹರಿದ ನೀರು ಸತುವನ್ನು, ಹಳೆಯ ಹೆಂಚಿನ ನೀರು ಪಾಚಿ ಮತ್ತು ಕೊಳೆಯನ್ನು ತರುತ್ತದೆ. ಆರ್‌ಒ ನೀರನ್ನೇ ಬಳಸಿ; ಟಿಡಿಎಸ್ ಮೀಟರ್ 5ರ ಒಳಗೆ ತೋರಿಸಬೇಕು, ಸೊನ್ನೆಯಾದರೆ ಇನ್ನೂ ಒಳ್ಳೆಯದು. ಇಲ್ಲಿ ಹಲವರು ಎಡವುವ ಜಾಗವೊಂದಿದೆ. ಅಡುಗೆಮನೆಯ ಎಷ್ಟೋ ಪ್ಯೂರಿಫೈಯರುಗಳಲ್ಲಿ ಆರೋಗ್ಯಕ್ಕೆಂದು ಕೊನೆಯಲ್ಲಿ ತಾಮ್ರ ಅಥವಾ ಖನಿಜ ಸೇರಿಸುವ ಕಾರ್ಟ್ರಿಜ್ ಇರುತ್ತದೆ. ಕುಡಿಯುವವರಿಗೆ ಅದು ಸರಿ, ಟ್ಯಾಂಕಿಗೆ ಅಲ್ಲ. ಮೆಂಬ್ರೇನಿನಿಂದ ಹೊರಬಂದ ಕೂಡಲೇ, ಆ ಕಾರ್ಟ್ರಿಜ್ ತಲುಪುವ ಮೊದಲೇ ನೀರು ಸಿಗುವಂತೆ ಮೆಕ್ಯಾನಿಕ್ ಕೈಯಲ್ಲಿ ಇಂಗ್ಲಿಷ್ ‘T’ ಆಕಾರದ ಪೈಪ್ ಜೋಡಿಸಿಕೊಳ್ಳಿ.

ಉಪ್ಪು ಅಕ್ವೇರಿಯಂನ ಸಮುದ್ರ ಉಪ್ಪೇ ಆಗಬೇಕು. ಅಡುಗೆ ಉಪ್ಪಿನಲ್ಲಿ ಹವಳ, ಚಿಪ್ಪುಗಳಿಗೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲ. ಲೀಟರಿಗೆ 36ರಿಂದ 38 ಗ್ರಾಂ, ಅಂದರೆ 15 ಲೀಟರಿನ ಬಕೆಟಿಗೆ ಸುಮಾರು 550 ಗ್ರಾಂ. ಒಂದು ಸಣ್ಣ ಪಂಪ್ ಇಟ್ಟು ಒಂದು ದಿನ ತಿರುಗಲು ಬಿಡಿ. ಜುಲೈ-ಆಗಸ್ಟ್‌ನ ಕಕ್ಕಡ ಮಾಸದ ತೇವಕ್ಕೆ ಉಪ್ಪಿನ ಚೀಲ ಬಾಯಿ ತೆರೆದಿಟ್ಟರೆ ನಾಲ್ಕೇ ದಿನದಲ್ಲಿ ಗಟ್ಟಿ ಹೆಂಟೆಯಾಗುತ್ತದೆ. ಹಾಗಾದ ಉಪ್ಪು ನೀರು ಕುಡಿದಿರುವುದರಿಂದ ತೂಕದ ಲೆಕ್ಕವೂ ತಪ್ಪುತ್ತದೆ. ಬಿಗಿ ಮುಚ್ಚಳದ ಡ್ರಮ್ಮಿನಲ್ಲಿಡಿ. ನೀರಿನ ಉಪ್ಪಿನಂಶ ಅಳೆಯಲು ತೇಲುವ ಹೈಡ್ರೋಮೀಟರಿಗಿಂತ, ಬೆಳಕು ಬಾಗುವುದನ್ನು ನೋಡಿ ಅಳೆಯುವ ರಿಫ್ರ್ಯಾಕ್ಟೋಮೀಟರ್ ನಂಬಿಕಸ್ತ. ಅದನ್ನು ಶುದ್ಧ ನೀರಿಗೆ ಮಾತ್ರವಲ್ಲ, 35 ಪಿಪಿಟಿಯ (ಸಾವಿರ ಭಾಗಕ್ಕೆ 35 ಭಾಗ ಉಪ್ಪಿನ) ದ್ರಾವಣಕ್ಕೂ ತಿಂಗಳಿಗೊಮ್ಮೆ ಸರಿಹೊಂದಿಸಿ.

ಗುರಿ ಇಷ್ಟು: ಸಾಂದ್ರತೆ 1.025ರಿಂದ 1.026, ಉಷ್ಣತೆ 25 ಡಿಗ್ರಿ, ಪಿಎಚ್ 8.1ರಿಂದ 8.4, ಕ್ಷಾರತೆ 8ರಿಂದ 9 ಡಿಕೆಎಚ್, ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ನೈಟ್ರೇಟ್ 10ರ ಒಳಗೆ. ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆಯೇ ಇರಬೇಕು. ಹೊಸ ಟ್ಯಾಂಕಿನಲ್ಲಿ ಅಲ್ಲಿಗೆ ತಲುಪಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ, ಆ ವಾರಗಳಲ್ಲಿ ಒಂದು ಬಸವನಹುಳುವನ್ನೂ ತರಬೇಡಿ.

ಆವಿಯಾದ ನೀರಿನ ಜಾಗಕ್ಕೆ ಸಿಹಿನೀರು ಮಾತ್ರ ತುಂಬಬೇಕು, ಏಕೆಂದರೆ ಆವಿಯಾಗುವುದು ನೀರು, ಉಪ್ಪಲ್ಲ. ಗಾಜಿನ ಮೇಲೆ ಟೇಪ್ ಅಂಟಿಸಿ ಮಟ್ಟ ಗುರುತಿಟ್ಟುಕೊಳ್ಳಿ. ಮಾರ್ಚ್‌ನಲ್ಲಿ ಬೇಗ ಇಳಿಯುವ ಮಟ್ಟ ಜುಲೈಯಲ್ಲಿ ಇಳಿದದ್ದೇ ತಿಳಿಯುವುದಿಲ್ಲ. ಬೇಸಿಗೆಯ ಅಳತೆಯಲ್ಲೇ ದಿನವೂ ಸುರಿಯುತ್ತ ಹೋದರೆ ಮಳೆಗಾಲದಲ್ಲಿ ಉಪ್ಪು ಸದ್ದಿಲ್ಲದೆ ಕಡಿಮೆಯಾಗುತ್ತದೆ.

ಕೊಳ್ಳುವಾಗ ನೋಡಬೇಕಾದ್ದು

ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಪ್ರಾಣಿ ತರಬೇಕಾದವರು ಅಂಗಡಿಯಲ್ಲೇ ಸರಿಯಾಗಿ ಗುರುತಿಸಬೇಕು; ಘಾಟಿ ಹತ್ತಿದ ಮೇಲೆ ಹಿಂತಿರುಗಿಸುವ ಮಾತಿಲ್ಲ. ಕ್ಲೀನರ್ ಸಿಗಡಿಯ ಗುರುತು ಸುಲಭ: ಕೆಂಪು ಬೆನ್ನಿನ ನಡುವೆ ಉದ್ದಕ್ಕೆ ಒಂದು ಬಿಳಿ ಪಟ್ಟಿ, ಉದ್ದನೆಯ ಬಿಳಿ ಮೀಸೆ. ಗೊಂದಲ ಇರುವುದು ಪೆಪ್ಪರ್‌ಮಿಂಟ್ ಮತ್ತು ಕ್ಯಾಮೆಲ್ ಸಿಗಡಿಗಳಲ್ಲಿ. ಎರಡೂ ಕೆಂಪು ಗೆರೆಯವು, ಎಷ್ಟೋ ಕಡೆ ಒಂದೇ ಹೆಸರಲ್ಲಿ ಮಾರಾಟವಾಗುತ್ತವೆ. ಬೆನ್ನು ಗೂನಾಗಿ, ಕೆಂಪಿನ ನಡುವೆ ದಪ್ಪ ಬಿಳಿ ಗೆರೆ, ಚುಕ್ಕೆಗಳಿದ್ದು, ಮೂತಿಯ ಕೊಕ್ಕು ಮೇಲಕ್ಕೂ ಕೆಳಕ್ಕೂ ಮಡಚುತ್ತಿದ್ದರೆ ಅದು ಕ್ಯಾಮೆಲ್; ಹವಳದ ಪುಟ್ಟ ಜೀವಿಗಳಾದ ಪಾಲಿಪ್‌ಗಳನ್ನು ಕಿತ್ತು ತಿನ್ನುತ್ತದೆ. ಪೆಪ್ಪರ್‌ಮಿಂಟ್‌ನ ಬೆನ್ನು ಅಷ್ಟು ಗೂನಲ್ಲ, ಮೈ ಅರೆಪಾರದರ್ಶಕ, ಕೊಕ್ಕು ಅಲುಗಾಡದು.

ಬಸವನಹುಳುಗಳಲ್ಲಿ ಟ್ರೋಕಸ್ ಮೊದಲ ಆಯ್ಕೆ. ಬುಗುರಿಯಾಕಾರದ ಚಿಪ್ಪು, ಗಾಜು ಮತ್ತು ಕಲ್ಲಿನ ಪಾಚಿ ಕೆರೆಯುತ್ತದೆ, ಮಗುಚಿ ಬಿದ್ದರೆ ತಾನೇ ಎದ್ದುಕೊಳ್ಳುತ್ತದೆ. ಟರ್ಬೋ ಹೆಚ್ಚು ತಿನ್ನುತ್ತದೆ ನಿಜ, ಆದರೆ ಅಂಟಿಸದ ಹವಳವನ್ನೆಲ್ಲ ಬೀಳಿಸುತ್ತದೆ. ತಾನು ಬಿದ್ದರೆ ಏಳಲಾರದು. ನಸ್ಸೇರಿಯಸ್ ಮರಳೊಳಗೆ ಹೂತು ಕೂತು ಬರೀ ಸೊಂಡಿಲನ್ನು ಹೊರಗಿಟ್ಟಿರುತ್ತದೆ. ಮೀನಿಗೆ ಊಟ ಬಿದ್ದ ಅರ್ಧ ನಿಮಿಷದಲ್ಲಿ ಮರಳು ಅಲ್ಲಲ್ಲಿ ಉಬ್ಬಿ, ಒಂದೊಂದೇ ಚಿಪ್ಪು ಮೇಲೆದ್ದು, ಸೊಂಡಿಲು ಆಡಿಸುತ್ತ ವಾಸನೆಯ ಕಡೆಗೆ ಓಡುತ್ತವೆ. ಪಾಚಿಗೆ ಅದರಿಂದ ಉಪಯೋಗವಿಲ್ಲ, ಮಿಕ್ಕ ಆಹಾರ ಕೊಳೆಯದಂತೆ ನೋಡುವುದು ಅದರ ಕೆಲಸ. ಶಂಕುವಿನಂತೆ ಒಂದೇ ಸಮ ಕಿರಿದಾಗುವ, ಉದ್ದಕ್ಕೆ ಸೀಳುಬಾಯಿ ಇರುವ ಕೋನ್ ಶಂಖವನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ. ಅದರ ವಿಷದ ಬಾಣ ಮನುಷ್ಯರನ್ನೂ ಕೊಲ್ಲಬಲ್ಲದು.

150 ಲೀಟರಿಗೆ ಐದು ಟ್ರೋಕಸ್, ಐದು ನಸ್ಸೇರಿಯಸ್, ಮೂರು ಸನ್ಯಾಸಿ ಏಡಿ, ಎರಡು ಕ್ಲೀನರ್ ಸಿಗಡಿ ಸಾಕು. ಅಂಗಡಿಯವರು ಹೇಳುವ ಸಂಖ್ಯೆ ಸಾಮಾನ್ಯವಾಗಿ ಇದರ ದುಪ್ಪಟ್ಟು. ಪಾಚಿ ಮುಗಿದ ಮೇಲೆ ಅವು ಹಸಿದು ಸಾಯುತ್ತವೆ. ಸನ್ಯಾಸಿ ಏಡಿಗೆ ಸ್ವಲ್ಪ ದೊಡ್ಡ ಅಳತೆಯ ಖಾಲಿ ಚಿಪ್ಪುಗಳನ್ನು ಹಾಕಿಡಿ, ಇಲ್ಲದಿದ್ದರೆ ಮನೆಗಾಗಿ ಟ್ರೋಕಸನ್ನೇ ಕೊಲ್ಲುತ್ತದೆ. ನೀಲಿ ಲಿಂಕಿಯಾ ಮತ್ತು ಮರಳು ಜಾಲಿಸುವ ನಕ್ಷತ್ರಮೀನು ನೋಡಲು ಚೆಂದ, ಆದರೆ ಇಷ್ಟು ಸಣ್ಣ ಟ್ಯಾಂಕಿನಲ್ಲಿ ಮೇವು ಸಾಲದೆ ತಿಂಗಳುಗಳಲ್ಲಿ ಕರಗಿಹೋಗುತ್ತವೆ. ಬಿಟ್ಟುಬಿಡಿ.

ಕಾನೂನಿನ ಮಾತೂ ಇದೆ. ಗಟ್ಟಿ ಹವಳ, ಸಮುದ್ರ ಸೌತೆ 2001ರಿಂದ ನಮ್ಮ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಕಡಲತೀರದಿಂದ ಹವಳದ ಕಲ್ಲು ಹೆಕ್ಕಿ ತರುವುದು ಅಪರಾಧ. ವಿದೇಶದಿಂದ ಬಂದ ಗಟ್ಟಿ ಹವಳವೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ಹೊಸಬರಿಗೆ ಮಶ್ರೂಮ್, ಲೆದರ್‌ನಂಥ ಮೆದು ಹವಳಗಳೇ ಸಾಕು. ಬಿಲ್ ತಪ್ಪದೆ ಪಡೆಯಿರಿ. ಗುಂಡಿಯಂಥ ಪಾಲಿಪ್‌ಗಳು ಗುಂಪಾಗಿ ಬೆಳೆಯುವ ಜೋಆಂತಿಡ್ ಕೊಂಡರೆ ಕೈಗವಸು, ಕನ್ನಡಕ ಹಾಕದೆ ಕತ್ತರಿಸಬೇಡಿ. ಅದು ಬೆಳೆದ ಕಲ್ಲನ್ನು ಸ್ವಚ್ಛ ಮಾಡಲೆಂದು ಕುದಿಸಲೇಬೇಡಿ. ಕೆಲವು ಜಾತಿಗಳ ವಿಷ ಹಬೆಯಲ್ಲಿ ಬಂದು ಮನೆಮಂದಿಯನ್ನೆಲ್ಲ ಆಸ್ಪತ್ರೆ ಸೇರಿಸುವಷ್ಟು ತೀವ್ರ.

ಹನಿ ಹನಿಯಾಗಿ ಹೊಂದಿಸುವುದು

ಮೀನು ತನ್ನ ದೇಹದ ಲವಣವನ್ನು ತಾನೇ ನಿಯಂತ್ರಿಸಿಕೊಳ್ಳುತ್ತದೆ. ಈ ಜೀವಿಗಳಲ್ಲಿ ಹೆಚ್ಚಿನವು ಹಾಗಲ್ಲ: ಹೊರಗಿನ ನೀರು ಎಷ್ಟು ಉಪ್ಪೋ ಮೈಯೊಳಗೂ ಅಷ್ಟೇ. ಅಂಗಡಿಯ ನೀರಿನ ಸಾಂದ್ರತೆ ಕೆಲವೊಮ್ಮೆ 1.020 ಇರುತ್ತದೆ. ಅಲ್ಲಿಂದ ತೆಗೆದು ನೇರ 1.026ಕ್ಕೆ ಬಿಟ್ಟರೆ ಜೀವಕೋಶಗಳಿಂದ ನೀರು ಒಮ್ಮೆಲೇ ಹೊರಬರುತ್ತದೆ. ಸಿಗಡಿ ಅಂದು ಚೆನ್ನಾಗಿಯೇ ಓಡಾಡಿ ಎರಡನೇ ದಿನ ಸಾಯುತ್ತದೆ, ಮಾಲೀಕರು ಅಂಗಡಿಯವರನ್ನು ಬೈಯುತ್ತಾರೆ.

ಮೆಡಿಕಲ್ ಶಾಪಿನಲ್ಲಿ ಸಿಗುವ ಸಲೈನ್ ಡ್ರಿಪ್ ಸೆಟ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಪ್ರಾಣಿಯನ್ನು ಚೀಲದ ನೀರಿನೊಂದಿಗೆ ಸಣ್ಣ ಪಾತ್ರೆಗೆ ಹಾಕಿ, ಸೆಟ್ಟಿನ ಒಂದು ತುದಿಯನ್ನು ಟ್ಯಾಂಕಿನಲ್ಲಿಟ್ಟು, ಚಕ್ರ ತಿರುಗಿಸಿ ಸೆಕೆಂಡಿಗೆ ಮೂರು ಹನಿಗೆ ನಿಲ್ಲಿಸಿ. ಗಂಟೆಗೆ ಸುಮಾರು ಅರ್ಧ ಲೀಟರ್ ಇಳಿಯುತ್ತದೆ. ಸಿಗಡಿ, ಬಸವನಹುಳುವಿಗೆ ಒಂದೂವರೆ ಗಂಟೆ, ನಕ್ಷತ್ರಮೀನಿನ ನೆಂಟನಾದ ಬ್ರಿಟಲ್ ಸ್ಟಾರ್‌ಗೆ ಎರಡೂವರೆ. ಮುಗಿದಾಗ ಎರಡೂ ನೀರನ್ನು ರಿಫ್ರ್ಯಾಕ್ಟೋಮೀಟರಿನಲ್ಲಿ ನೋಡಿ. ಹೊಂದಿದ್ದರೆ ಪ್ರಾಣಿಯನ್ನು ಮಾತ್ರ ಬಿಡಿ, ಚೀಲದ ನೀರನ್ನು ಚೆಲ್ಲಿ. ಮಡಿಕೇರಿಯ ಮಳೆಗಾಲದಲ್ಲಿ ಈ ಹೊತ್ತಿಗೆ ಪಾತ್ರೆಯ ನೀರು ತಣ್ಣಗಾಗಿಬಿಡುವುದೇ ತೊಂದರೆ. ಪಾತ್ರೆಯನ್ನು ಉಗುರುಬೆಚ್ಚಗಿನ ನೀರಿನ ದೊಡ್ಡ ಟಬ್ಬಿನಲ್ಲಿ ಕೂರಿಸಿ.

ಕರೆಯದೆ ಬಂದ ಅತಿಥಿಗಳು

ಕಲ್ಲು, ಹವಳದ ಬುಡದಲ್ಲಿ ಅಂಟಿ ಬಂದವರನ್ನು ನೋಡಲು ರಾತ್ರಿಯೇ ಸರಿ. ಲೈಟ್ ಆರಿ ಎರಡು ಗಂಟೆಯ ಮೇಲೆ ಟಾರ್ಚಿನ ಬಾಯಿಗೆ ಕೆಂಪು ಕಾಗದ ಕಟ್ಟಿ ನೋಡಿ. ಮೈತುಂಬ ಬಿರುಗೂದಲಿನ ಗುಲಾಬಿ ಬಣ್ಣದ ಹುಳು ಕಂಡರೆ ಗಾಬರಿ ಬೇಡ, ಅದು ಕಸ ತಿನ್ನುವ ಬ್ರಿಸಲ್ ವರ್ಮ್. ಕೈಗೆ ಕೂದಲು ಚುಚ್ಚಿದರೆ ಸೆಲ್ಲೋ ಟೇಪ್ ಅಂಟಿಸಿ ಎಳೆಯಿರಿ. ಕೊಂಡಿಯ ತುದಿ ಕಪ್ಪಾಗಿರುವ ಏಡಿಯನ್ನು ಸಂಶಯದಿಂದಲೇ ನೋಡಿ, ಹೊರಗೆ ಹಾಕಿ. ಕಲ್ಲಿನೊಳಗಿಂದ ಟಕ್ ಟಕ್ ಸದ್ದು ಬಂದರೆ ಒಂದು ಕೈ ಮಾತ್ರ ದೊಡ್ಡದಿರುವ ನಿರುಪದ್ರವಿ ಪಿಸ್ತೂಲ್ ಸಿಗಡಿ ಇರಬಹುದು. ಸದ್ದಿನ ಜತೆಗೆ ಒಡೆದ ಚಿಪ್ಪುಗಳೂ ಸಿಗುತ್ತಿದ್ದರೆ ಮ್ಯಾಂಟಿಸ್ ಸಿಗಡಿಯೇ ಕಾರಣ.

ಐಪ್ಟೇಸಿಯಾ ಎಂಬ ಪುಟ್ಟ ಅನಿಮೋನಿ, ಹವಳದ ನೆಂಟ, ನಿಜವಾದ ಕಾಟ. ಕಂದು ಬಣ್ಣದ ಪುಟ್ಟ ತೆಂಗಿನ ಮರದಂತಿದ್ದು, ಮುಟ್ಟಿದರೆ ಕ್ಷಣದಲ್ಲಿ ಬಿಲ ಸೇರುತ್ತದೆ. ಕೆರೆದು ತೆಗೆದರೆ ಉಳಿದ ಚೂರು ಚೂರಿನಿಂದಲೂ ಹೊಸದು ಹುಟ್ಟುತ್ತದೆ. ಪಂಪ್ ನಿಲ್ಲಿಸಿ, ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಸಿರಿಂಜಿನಿಂದ ಅದರ ಬಾಯಿಯ ಮೇಲೆ ಅರ್ಧದಿಂದ ಒಂದು ಮಿಲಿ ಹಾಕಿ ಹದಿನೈದು ನಿಮಿಷ ಬಿಡಿ. ಒಂದು ದಿನಕ್ಕೆ ನಾಲ್ಕೈದು ಮಾತ್ರ, ಹೆಚ್ಚಾದರೆ ಪಿಎಚ್ ಜಿಗಿಯುತ್ತದೆ. ಎಲೆ ಅಡಿಕೆಯ ಸುಣ್ಣವೂ ಮೂಲತಃ ಅದೇ, ಆದರೆ ಅದರಲ್ಲಿ ಇನ್ನೇನು ಬೆರೆತಿದೆಯೋ, ಬೇಡ.

ಪೊರೆಯೋ ಹೆಣವೋ

ಬೆಳಿಗ್ಗೆ ಟ್ಯಾಂಕಿನ ಮೂಲೆಯಲ್ಲಿ ಸಿಗಡಿ ಮಗ್ಗುಲಾಗಿ ಬಿದ್ದಿದೆ ಎಂದುಕೊಳ್ಳಿ. ಕಣ್ಣು, ಕಾಲು, ಮೀಸೆ ಎಲ್ಲ ಇವೆ. ಚಿಮಟದಿಂದ ಎತ್ತಿ ಬೆಳಕಿಗೆ ಹಿಡಿಯಿರಿ. ಆಚೆ ಬದಿ ಕಾಣುವಷ್ಟು ಟೊಳ್ಳಾಗಿದ್ದು, ಬೆನ್ನಿನ ಕವಚ ಮತ್ತು ಬಾಲ ಸೇರುವಲ್ಲಿ ಸೀಳಿದ್ದರೆ ಅದು ಕಳಚಿದ ಪೊರೆ. ಒಳಗೆ ಬಿಳಿಯ, ಇಲ್ಲವೇ ನಸುಗೆಂಪಿನ ಮಾಂಸವಿದ್ದರೆ ಸತ್ತಿದೆ. ಪೊರೆ ಕಳಚಿದ ಸಿಗಡಿ ಮೈ ಗಟ್ಟಿಯಾಗುವವರೆಗೆ ಬಿಲದಲ್ಲೇ ಅಡಗಿರುತ್ತದೆ, ಕಲ್ಲು ಕದಲಿಸಿ ಹುಡುಕಬೇಡಿ. ಹೊರಬರುವಾಗ ಅರ್ಧದಲ್ಲೇ ಸಿಕ್ಕಿಕೊಂಡು ಸತ್ತರೆ ಬಹುತೇಕ ಸಲ ಉಪ್ಪಿನ ಏರುಪೇರೇ ಕಾರಣ. ಅಯೋಡಿನ್ ಬಾಟಲಿ ಬೇಕಿಲ್ಲ. ವಾರಕ್ಕೆ ಶೇ 10ರಷ್ಟು ನೀರು ಬದಲಿಸಿದರೆ ಅದರಲ್ಲೇ ಸಿಗುತ್ತದೆ. ತೆಗೆದ ಆ 15 ಲೀಟರಿನಲ್ಲಿ ಅರ್ಧ ಕಿಲೋ ಉಪ್ಪಿರುತ್ತದೆ. ಕಾಫಿ ಬುಡಕ್ಕೂ ತೋಡಿಗೂ ಚೆಲ್ಲದೆ ಬಚ್ಚಲಿನ ನೀರಿನ ಜತೆ ಬಿಡಿ.

ಕಕ್ಕಡದಲ್ಲಿ ಕರೆಂಟ್ ಹೋದಾಗ

ಮರ ಬಿದ್ದು ಲೈನ್ ಹರಿದರೆ ಎರಡು ಮೂರು ದಿನ ಕತ್ತಲೆ ಎಂದೇ ಲೆಕ್ಕ ಹಾಕಿ. ಮೊದಲು ಮುಗಿಯುವುದು ಆಮ್ಲಜನಕ, ಆಮೇಲೆ ಉಷ್ಣತೆ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸುತ್ತೇವೆ ಎಂದುಕೊಂಡರೂ, ಇನ್ವರ್ಟರಿನ ನಷ್ಟ ಕಳೆದು ಸುಮಾರು 700 ವ್ಯಾಟ್ ಗಂಟೆ ಸಿಗುತ್ತದೆ. ನೀರನ್ನು ಅಲೆಯಾಡಿಸುವ 10 ವ್ಯಾಟಿನ ಪಂಪ್, ವೇವ್‌ಮೇಕರ್, ಅದರಲ್ಲಿ ಮೂರು ದಿನಕ್ಕೆ ಹತ್ತಿರ ಓಡುತ್ತದೆ, 200 ವ್ಯಾಟ್ ಹೀಟರ್ ನಾಲ್ಕು ಗಂಟೆಯೂ ಇಲ್ಲ. ಹಾಗಾಗಿ ಇನ್ವರ್ಟರಿಗೆ ವೇವ್‌ಮೇಕರ್ ಮಾತ್ರ ಸಿಕ್ಕಿಸಿ. ಟ್ಯಾಂಕಿಗೆ ಮೂರು ಬದಿ ಕಂಬಳಿ ಸುತ್ತಿ, ಪ್ಲಾಸ್ಟಿಕ್ ಬಾಟಲಿಗಳಲ್ಲಿ ಬಿಸಿನೀರು ತುಂಬಿ ತೇಲಿಬಿಡಿ. ಊಟ ಹಾಕಬೇಡಿ.

ಬಾಗಿಲು ಕಿಟಕಿ ಮುಚ್ಚಿ ಅಗ್ಗಿಷ್ಟಿಕೆ ಹಾಕಿದ ಮನೆಯಲ್ಲಿ ಪಿಎಚ್ 7.8ಕ್ಕೆ ಇಳಿಯುವುದು ಸಾಮಾನ್ಯ. ಕೋಣೆಯ ಇಂಗಾಲದ ಡೈಆಕ್ಸೈಡ್ ನೀರಿಗೆ ಸೇರುವುದೇ ಇದಕ್ಕೆ ಕಾರಣ. ಔಷಧಿ ಸುರಿಯುವ ಬದಲು ಕರೆಂಟ್ ಬಂದ ಮೇಲೆ ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರಿನ ಗಾಳಿಯ ಪೈಪನ್ನು ಕಿಟಕಿಯ ಹೊರಗೆ ಹಾಕಿ.

ಒಂದು 200 ವ್ಯಾಟ್ ಹೀಟರಿಗಿಂತ ಎರಡು 100 ವ್ಯಾಟಿನವು ಮೇಲು: ಒಂದು ಕೆಟ್ಟು ಆನ್ ಆಗಿಯೇ ಉಳಿದರೂ ಟ್ಯಾಂಕ್ ಬೇಯುವುದಿಲ್ಲ. ಎರಡೂ ಸೇರಿ 150 ಲೀಟರನ್ನು ಗಂಟೆಗೆ ಸುಮಾರು ಒಂದು ಡಿಗ್ರಿ ಏರಿಸುತ್ತವೆ, ತಣ್ಣಗಾದ ಜೀವಿಗಳಿಗೆ ಆ ನಿಧಾನವೇ ಹಿತ. ಅಷ್ಟರಲ್ಲಿ ಬಸವನಹುಳುಗಳನ್ನು ಒಂದೊಂದಾಗಿ ಎತ್ತಿ ಮೂಸಿ ನೋಡಿ. ಬದುಕಿದ್ದರೆ ಚಿಪ್ಪಿನ ಬಾಯಿ ಮುಚ್ಚುವ ಬಾಗಿಲನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬಾಗಿಲು ಜೋತುಬಿದ್ದು ವಾಸನೆ ಬಂದರೆ ಕೂಡಲೇ ಹೊರಗೆ ತೆಗೆದು, ಅದೇ ಸಂಜೆ ಅಮೋನಿಯಾ ಪರೀಕ್ಷೆ ಮಾಡಿ.